ಅಪ್ಪನ ತಮಾಷೆ ಬರೆಯಲು ಕೂತರೆ ಅಮ್ಮ ಎದ್ದು ಹೋಗುತ್ತಾರೆ

ಪ್ರಶ್ನೆ (ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದೆ): ಮೇಡಂ, ನಾವು ತಿಪಟೂರು ಕಡೆಯವರು. ನಮ್ಮಪ್ಪ ತೀರಿಕೊಂಡು ಎಂಟು ತಿಂಗಳಾಯಿತು. 31 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ತುಂಬಾ ತಮಾಷೆಯ ಮನುಷ್ಯ. ಕರೆಂಟ್ ಹೋದರೆ ಸಾಕು, ಕತ್ತಲಲ್ಲಿ "ಟಿಕೆಟ್, ಟಿಕೆಟ್" ಅಂತ ನಮ್ಮೆಲ್ಲರ ತಲೆ ಮುಟ್ಟಿ ಎಣಿಸೋರು. ಅಮ್ಮನಿಗೆ ಕೊಟ್ಟ ಮಾತು ತಪ್ಪಿದಾಗ ಹಳೇ ಟಿಕೆಟ್ ಹಿಂದೆ "ಬಾಕಿ: ಒಂದು ಸಿನಿಮಾ", "ಬಾಕಿ: ಧರ್ಮಸ್ಥಳ" ಅಂತ ಬರೆದು ಸಹಿ ಹಾಕಿ ಕೊಡೋರು. ಅಮ್ಮ ಅವನ್ನೆಲ್ಲ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದಾರೆ. ವರ್ಷದ ತಿಥಿಯ ದಿನ ಅಪ್ಪನ ನೆನಪಿನ ಒಂದು ಸಣ್ಣ ಪುಸ್ತಕ ಹಂಚಬೇಕು ಅಂತ ನನ್ನ ಆಸೆ. ಆದರೆ ನಾನು ಅಪ್ಪನ ತಮಾಷೆ ತೆಗೆದರೆ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಾರೆ. ನಮ್ಮತ್ತೆ, ಅಪ್ಪನ ತಂಗಿ, "ಸತ್ತವರ ವಿಷಯದಲ್ಲಿ ಎಂಥಾ ನಗು" ಅಂತಾರೆ. ತಮ್ಮ ಒಂದು ಸಾಲೂ ಬರೆದುಕೊಡುತ್ತಿಲ್ಲ. ಅಮ್ಮ ಇನ್ನೂ ಮೊದಲನೇ ಸ್ಟೇಜಲ್ಲಿದ್ದಾರೆ, ಸಾವನ್ನು ಒಪ್ಪಿಕೊಂಡಿಲ್ಲ ಅಂತ ಎಲ್ಲೋ ಓದಿ ಹೇಳುತ್ತಾನೆ. ಇನ್ನೊಂದು ವಿಷಯ. ಅಪ್ಪ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿ, ಕೊನೆಗೆ ಅಮ್ಮನ ಸರ ಮಾರಬೇಕಾಯಿತು. ಅದಕ್ಕೂ ಅಪ್ಪ "ಸರ ಹೋದ್ರೇನಂತೆ, ಸರಸ ಇದೆಯಲ್ಲ" ಅಂದಿದ್ದರು. ಇದನ್ನೆಲ್ಲ ಬರೆಯಬೇಕಾ? ನಾನು ಬರೆದ ಎರಡು ಪುಟ ಜೊತೆಗಿಟ್ಟಿದ್ದೇನೆ. ಯಾಕೋ ಸರಿ ಬರುತ್ತಿಲ್ಲ. ಇಷ್ಟು ಬೇಗ ನಾವು ನಗಬಹುದಾ?

ಉತ್ತರ: ನಿಮ್ಮ ಪತ್ರ ಓದುತ್ತಾ ಎರಡು ಕಡೆ ನಕ್ಕೆ. ಕತ್ತಲಲ್ಲಿ ತಲೆ ಎಣಿಸುವ ಕಡೆ ಒಮ್ಮೆ, "ಬಾಕಿ: ಧರ್ಮಸ್ಥಳ" ಅನ್ನುವಲ್ಲಿ ಇನ್ನೊಮ್ಮೆ. ನಿಮ್ಮ ಅಪ್ಪನನ್ನು ನಾನು ಕಂಡವಳಲ್ಲ. ಆದರೆ ಮೊನ್ನೆ ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟ್ ಹೋದಾಗ ಅವರ ನೆನಪಾಯಿತು.

ಆಮೇಲೆ ನೀವು ಜೊತೆಗಿಟ್ಟ ಎರಡು ಪುಟ ಓದಿದೆ. "ನಮ್ಮ ತಂದೆಯವರು ಸರಳ ಸಜ್ಜನಿಕೆಯ, ಹಾಸ್ಯಪ್ರಜ್ಞೆಯುಳ್ಳ ಸ್ನೇಹಜೀವಿಯಾಗಿದ್ದರು" ಅಂತ ಶುರುವಾಗುತ್ತದೆ. ಪತ್ರದಲ್ಲಿ ಅಷ್ಟು ಚೆನ್ನಾಗಿ ಓಡಾಡುತ್ತಿದ್ದ ಮನುಷ್ಯ ಇಲ್ಲಿ ಎಲ್ಲಿ ಹೋದರು? ಸರಿ ಬರುತ್ತಿಲ್ಲ ಅಂತ ನಿಮಗೇ ಅನ್ನಿಸಿದೆಯಲ್ಲ, ಅದು ನಿಜ. ನನ್ನ ಕೇಳಿದರೆ ಆ ಎರಡು ಪುಟ ಬಿಡಿ, ನನಗೆ ಬರೆದ ಪತ್ರದಿಂದಲೇ ಪುಸ್ತಕ ಶುರು ಮಾಡಿ.

ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಸತ್ತವರ ಬಗ್ಗೆ ಬರೆಯಲು ಕೂತ ತಕ್ಷಣ ನಮ್ಮ ಕೈಗೆ ಬರುವುದು ಪೇಪರಿನ ಶ್ರದ್ಧಾಂಜಲಿ ಭಾಷೆ, ಸರ್ಕಲ್ಲಿನ ಫ್ಲೆಕ್ಸಿನ ಭಾಷೆ. ನಾನೂ ಇದೇ ತಪ್ಪು ಮಾಡಿದ್ದೇನೆ. ನಮ್ಮ ತಂದೆ ಹೋದ ವರ್ಷ ಅಣ್ಣ, ನಾನು ಸೇರಿ 24 ಪುಟದ ಪುಸ್ತಕ ಮಾಡಿಸಿದೆವು. ನುಣುಪು ಕಾಗದ, ಬಣ್ಣದ ಮುಖಪುಟ, ಊರಿನ ದೊಡ್ಡವರೆಲ್ಲರ ಸಂದೇಶ. ಅದನ್ನು ಎರಡನೇ ಸಲ ತೆರೆದವರನ್ನು ನಾನು ಕಂಡಿಲ್ಲ. ಜನ ಇವತ್ತಿಗೂ ಮಾತಾಡುವುದು ಕೊನೆಯ ಪುಟದ ಒಂದು ಫೋಟೋ ಬಗ್ಗೆ ಮಾತ್ರ. ಅಪ್ಪ ಜಗಲಿಯ ಮೇಲೆ ಪೇಪರನ್ನು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದಾರೆ, ಹೊಟ್ಟೆಯ ಮೇಲೆ ಬೆಕ್ಕು ಮಲಗಿದೆ. ಜಾಗ ಖಾಲಿ ಉಳಿಯಿತು ಅಂತ ಪ್ರೆಸ್ಸಿನ ಹುಡುಗ ಸುಮ್ನೆ ಹಾಕಿದ್ದು ಅದು.

ಈ ವಿಷಯದಲ್ಲಿ ನಮ್ಮ ಹಳಬರು ಜಾಣರು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಶ. 949-50ರದು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ಚೋಳರನ್ನು ಸೋಲಿಸಿದ ಕಾಲ. ಚೆನ್ನಾಗಿ ಕಾದಾಡಿದ ಮಣಲೇರ ಅನ್ನುವವನಿಗೆ ಏನು ಬೇಕೋ ಕೇಳು ಅಂದರೆ, ಅವನು ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆಮೇಲೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಹೊಡೆದಾಡಿ ಸತ್ತವು. ಆ ನಾಯಿಯ ನೆನಪಿಗೆ ನಿಂತ ಕಲ್ಲು ಅದು. ನಾಯಿ, ಹಂದಿ ಎರಡನ್ನೂ ಅದರಲ್ಲಿ ಕೆತ್ತಿದ್ದಾರೆ. ಅದೇ ಕಲ್ಲಿನಲ್ಲಿ ರಾಜರ ಬಿರುದುಗಳೂ ಇವೆ. ಶಾಸನ ಓದುವವರು ಬಿಟ್ಟರೆ ಅವು ಯಾರಿಗೂ ಬೇಕಿಲ್ಲ. ಸಾವಿರ ವರ್ಷ ದಾಟಿದ ಮೇಲೂ ಮ್ಯೂಸಿಯಮ್ಮಿಗೆ ಬಂದ ಮಕ್ಕಳು ನಿಂತು ನೋಡುವುದು ನಾಯಿ ಹಂದಿಯ ಜಗಳವನ್ನೇ. ನಿಮ್ಮ ಪುಸ್ತಕದಲ್ಲಿ "ಸ್ನೇಹಜೀವಿ" ಅನ್ನುವುದು ಬಿರುದು. ಕತ್ತಲಲ್ಲಿ ತಲೆ ಎಣಿಸಿದ್ದು ನಾಯಿ ಮತ್ತು ಹಂದಿ.

ಈಗ ಅಮ್ಮನ ವಿಷಯಕ್ಕೆ ಬರೋಣ. ಬೇರೆಲ್ಲಕ್ಕಿಂತ ಇದು ಮುಖ್ಯ.

ನಾನು ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಲು ಶುರು ಮಾಡಿ ಇಪ್ಪತ್ತೈದು ವರ್ಷ ಆಗುತ್ತಾ ಬಂತು. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರ ಜೊತೆ ಕೂತಿದ್ದೇನೆ. ಅವರಲ್ಲಿ ತಮಾಷೆಯ ಗಂಡಂದಿರ ಹೆಂಡತಿಯರದ್ದೇ ಒಂದು ಪಾಡು. ಅಂಥ ಮನೆಯಲ್ಲಿ ಗಂಡ ಮಾತಾಡುತ್ತಾನೆ, ಮಕ್ಕಳು ನಗುತ್ತಾರೆ, ನೆಂಟರು ನಗುತ್ತಾರೆ. ಹೆಂಡತಿ ನಗುವುದಿಲ್ಲ. "ಸಾಕು ಸುಮ್ನಿರಿ" ಅಂತಾಳೆ. "ನಿಮಗೆ ಹೊತ್ತು ಗೊತ್ತು ಒಂದೂ ಇಲ್ಲ" ಅಂತಾಳೆ. ನೋಡಿದವರು ಪಾಪ ಇವಳಿಗೆ ತಮಾಷೆ ಅಂದರೆ ಆಗಲ್ಲ ಅಂದುಕೊಳ್ಳುತ್ತಾರೆ. ಆದರೆ ಸ್ವಲ್ಪ ಯೋಚನೆ ಮಾಡಿ. ನಿಮ್ಮಪ್ಪ ಟಿಕೆಟ್ ಹಿಂದೆ ಬಾಕಿ ಬರೆದು ಕೊಟ್ಟದ್ದು ಯಾರಿಗೆ? ಅದನ್ನು ಹರಿದು ಬಿಸಾಡದೆ ಬಾಟಲಿಗೆ ಹಾಕಿಟ್ಟವರು ಯಾರು? ಆ ತಮಾಷೆ ಇಬ್ಬರದು. ಅಪ್ಪ ಒಂದು ಸಾಲು ಹೇಳುತ್ತಿದ್ದರು, ಅಮ್ಮ ಮುಖ ಗಂಟಿಕ್ಕಿಕೊಂಡು ಇನ್ನೊಂದು ಸಾಲು ಹೇಳುತ್ತಿದ್ದರು. ಅಮ್ಮ ರೇಗದಿದ್ದರೆ ಅಪ್ಪನ ಮಾತಿಗೆ ಅರ್ಧ ರುಚಿ ಇರುತ್ತಿರಲಿಲ್ಲ.

ಈಗ ನೀವು ಅಪ್ಪನ ಸಾಲನ್ನು ಹೇಳುತ್ತೀರಿ. ಅಮ್ಮನ ಬಾಯಿಗೆ "ಸಾಕು ಸುಮ್ನಿರಿ" ಬರುತ್ತದೆ. ಹೇಳುವುದು ಯಾರಿಗೆ? ಅದಕ್ಕೇ ಎದ್ದು ಹೋಗುತ್ತಾರೆ. ನನಗೆ ಹೀಗೆ ಅನ್ನಿಸಲು ಒಂದು ಕಾರಣ ಇದೆ. ಮೈಸೂರಿನ ಒಬ್ಬ ತಾಯಿ ನನ್ನ ಮುಂದೆ ಆರು ವಾರ ಮಾತಾಡದೆ ಕೂತಿದ್ದರು. ಏಳನೇ ವಾರ ನಾನು "ಅವರು ಹೇಗಿದ್ದರು ಹೇಳಿ" ಅನ್ನುವುದನ್ನು ಬಿಟ್ಟು "ಅವರಿಗೆ ನೀವು ಜಾಸ್ತಿ ಬೈತಿದ್ದದ್ದು ಯಾವುದಕ್ಕೆ?" ಅಂತ ಕೇಳಿದೆ. ಒಂದು ಗಂಟೆ ಬೈದರು. ಒದ್ದೆ ಟವೆಲ್ಲು, ಬೇಡದ ನೆಂಟರು, ಮದುವೆ ಮನೆಯಲ್ಲಿ ಮೂರನೇ ಸಲ ಹಾಕಿಸಿಕೊಂಡ ಪಾಯಸ. ಬೈಯುತ್ತಾ ಬೈಯುತ್ತಾ ನಕ್ಕರು. ನಕ್ಕು ಅತ್ತರು.

ನಿಮ್ಮಮ್ಮನನ್ನೂ ಹಾಗೆ ಕೇಳಿ. ಪುಸ್ತಕದ ಸುದ್ದಿ ಎತ್ತಬೇಡಿ, ಫೋನ್ ಹಿಡಿದು ರೆಕಾರ್ಡ್ ಮಾಡುತ್ತಾ ಎದುರು ಕೂರಬೇಡಿ. ಅವರ ಜೊತೆ ಅವರೆಕಾಯಿ ಸುಲಿಯುತ್ತಲೋ, ಬಟ್ಟೆ ಮಡಚುತ್ತಲೋ ಕೇಳಿ. ಕೈಗೆ ಕೆಲಸ ಇದ್ದಾಗ ಬಾಯಿ ಸಲೀಸಾಗುತ್ತದೆ. ಅಂದು ಹೇಳದಿದ್ದರೆ ಬಿಡಿ, ಇನ್ನೊಂದು ದಿನ ಕೇಳಿ. ಅವರು ಅಡುಗೆಮನೆಗೆ ಎದ್ದು ಹೋದಾಗ ಹಿಂದೆ ಹೋಗಿ ಸುಮ್ನೆ ನಿಂತುಕೊಳ್ಳಿ, ಸಾಕು. ಒಂದು ದಿನ ಅವರು ಬೈಯಲು ಶುರು ಮಾಡುತ್ತಾರೆ. ಬೈದದ್ದನ್ನು ಹಾಗೇ ಬರೆದುಕೊಳ್ಳಿ. ಪುಸ್ತಕದಲ್ಲಿ ಅಪ್ಪನ ಪ್ರತಿ ತಮಾಷೆಯ ಪಕ್ಕ ಅಮ್ಮನ ಬೈಗುಳ ಇರಲಿ.

ಇನ್ನು ನಗಬಹುದಾ ಅಂತ ಕೇಳಿದ್ದೀರಿ. ನಗಬಹುದು. ಈ ಮಾತು ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಜಾರ್ಜ್ ಬೊನಾನೊ, ಡ್ಯಾಕರ್ ಕೆಲ್ಟ್ನರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಕೂರಿಸಿ, ಹೋದವರ ಬಗ್ಗೆ ಮಾತಾಡಿಸಿ, ಮುಖವನ್ನು ವಿಡಿಯೋ ಮಾಡಿದರು. ಆಮೇಲೆ ಯಾರು ಎಲ್ಲಿ ನಕ್ಕರು ಅಂತ ನೋಡುತ್ತಾ ಹೋದರು. ಬರೀ ತುಟಿಯ ನಗು ಬೇರೆ, ಕಣ್ಣಿನ ಸುತ್ತ ಸುಕ್ಕು ಮೂಡುವ ನಗು ಬೇರೆ. ಈ ವ್ಯತ್ಯಾಸವನ್ನು ಫ್ರಾನ್ಸಿನ ಡುಶೆನ್ ಅನ್ನುವ ವೈದ್ಯ 1862ರಲ್ಲೇ ಬರೆದಿಟ್ಟಿದ್ದ. ಬಾಯನ್ನು ಬೇಕೆಂದಾಗ ಅಗಲಿಸಬಹುದು, ಕಣ್ಣಿನ ಸುತ್ತಲಿನ ಸ್ನಾಯು ನಮ್ಮ ಮಾತು ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ಹೋದವರ ಬಗ್ಗೆ ಹೇಳುತ್ತಾ ಹಾಗೆ ಕಣ್ಣಿಂದ ನಕ್ಕವರಲ್ಲಿ ಸಂಕಟ, ಸಿಟ್ಟು ಕಡಿಮೆ ಕಂಡಿತು. ಬೇರೆಯವರಿಗೂ ಅವರ ಹತ್ತಿರ ಕೂರಬೇಕು ಅನ್ನಿಸಿತು.

ಹಾಗಂತ ಅಮ್ಮನನ್ನು ಹಿಡಿದು ನಗಿಸಲು ಹೋಗಬೇಡಿ. ನಕ್ಕಿದ್ದರಿಂದಲೇ ಅವರು ಚೇತರಿಸಿಕೊಂಡರು ಅಂತ ಆ ಅಧ್ಯಯನ ಹೇಳುವುದಿಲ್ಲ. ಚೇತರಿಸಿಕೊಳ್ಳುವವರ ಮುಖದಲ್ಲಿ ನಗು ತಾನೇ ಬಂದಿರಬಹುದು. ನನಗೆ ಬೇಕಾದ್ದು ಅದರಿಂದ ಇಷ್ಟೇ. ಆರು ತಿಂಗಳಿಗೆ ನಗುವ ಜನ ಇದ್ದಾರೆ, ಅವರಲ್ಲಿ ಪ್ರೀತಿ ಕಡಿಮೆ ಇರಲಿಲ್ಲ. ನಿಮಗೆ ಎಂಟು ತಿಂಗಳಾಗಿದೆ.

ನಿಮ್ಮತ್ತೆಗೆ ಅಮೆರಿಕದ ಅಧ್ಯಯನ ಹೇಳಿ ಏನೂ ಪ್ರಯೋಜನ ಇಲ್ಲ. ಅವರಿಗೆ ನಮ್ಮ ಕಡೆಯ ಮಾತನ್ನೇ ನೆನಪು ಮಾಡಬೇಕು. ನಮ್ಮಜ್ಜಿಯ ಊರಿನಲ್ಲಿ ಹೆಂಗಸರು ಹೆಣದ ಮುಂದೆ ಸುಮ್ನೆ ಅಳುತ್ತಿರಲಿಲ್ಲ. ಹೇಳಿಕೊಂಡು ಅಳುತ್ತಿದ್ದರು. ಸತ್ತವನು ಏನು ತಿನ್ನುತ್ತಿದ್ದ, ಯಾವ ಸಂತೆಗೆ ಹೋಗುತ್ತಿದ್ದ, ಯಾರ ಹತ್ತಿರ ಜಗಳ ಮಾಡಿದ್ದ, ಎಲ್ಲ ಅದರಲ್ಲಿ ಬರುತ್ತಿತ್ತು. "ಸಾಲದ ಗಂಟು ನನ್ನ ತಲೆ ಮೇಲೆ ಇಟ್ಟು ಹೋದ್ಯಲ್ಲೋ" ಅನ್ನುವುದೂ ಬರುತ್ತಿತ್ತು. ಅದು ಹೊಗಳಿಕೆ ಅಲ್ಲ, ಬೈಗುಳವೂ ಅಲ್ಲ, ಲೆಕ್ಕ ಒಪ್ಪಿಸುವ ಹಾಗಿರುತ್ತಿತ್ತು. ತುಂಬು ಬಾಳು ಬಾಳಿದ ಮುದುಕರು ಹೋದರೆ ತಮಟೆ ಬಡಿದು, ಮುಂದೆ ಕುಣಿಯುತ್ತಾ ಕರೆದುಕೊಂಡು ಹೋಗುವ ಊರುಗಳು ಈಗಲೂ ಇವೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಏನಿಡುತ್ತೇವೆ ನೋಡಿ. ಶಾಸ್ತ್ರಕ್ಕೆ ಬೇಕಾದದ್ದರ ಜೊತೆ ಅವರಿಗೆ ಇಷ್ಟವಾದದ್ದು. ಕೋಡುಬಳೆ, ಕೋಳಿಸಾರು, ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಕೆಲವು ಮನೆಗಳಲ್ಲಿ ಒಂದು ಕ್ವಾರ್ಟರ್ ಕೂಡ. ಡಾಕ್ಟರು ಬಿಡಿಸಿದ್ದನ್ನು ಸತ್ತ ಮೇಲೆ ಎಲೆಗೆ ಬಡಿಸುತ್ತೇವೆ. ಇದಕ್ಕಿಂತ ದೊಡ್ಡ ತಮಾಷೆ ಬೇಕಾ? ಯಾರೂ ಅದನ್ನು ಅಗೌರವ ಅನ್ನುವುದಿಲ್ಲ. ಬೀಡಿ ಇಷ್ಟವಿದ್ದವರಿಗೆ ಬೀಡಿ ಇಡಬಹುದಾದರೆ, ತಮಾಷೆ ಇಷ್ಟವಿದ್ದವರಿಗೆ ತಮಾಷೆ ಯಾಕಿಡಬಾರದು ಅಂತ ಅತ್ತೆಯನ್ನೇ ಕೇಳಿ. ಅವರು ಅಣ್ಣನನ್ನು ಕಳೆದುಕೊಂಡಿದ್ದಾರೆ ಅನ್ನುವುದು ಮಾತ್ರ ನೆನಪಿರಲಿ. ಮಕ್ಕಳಿಗೆ, ಹೆಂಡತಿಗೆ ಜನ ಸಮಾಧಾನ ಹೇಳುತ್ತಾರೆ. ತಂಗಿಯನ್ನು ಯಾರೂ ಕೇಳುವುದಿಲ್ಲ. ಅಪ್ಪ ಹತ್ತು ವರ್ಷದ ಹುಡುಗನಾಗಿದ್ದಾಗ ಹೇಗೆ ಆಟ ಕಟ್ಟುತ್ತಿದ್ದ ಅಂತ ಗೊತ್ತಿರುವುದು ಈಗ ಅವರಿಗೊಬ್ಬರಿಗೇ ಇರಬಹುದು. ಅವರ ಹತ್ತಿರ ಒಂದು ಪುಟ ಹೇಳಿಸಿ ಬರೆದುಕೊಳ್ಳಿ. ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ನಿಮ್ಮ ತಮ್ಮ ಹೇಳುವ ಸ್ಟೇಜಿನ ವಿಷಯ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಅಂತ ಐದು ಹೇಳಿದವರು ಎಲಿಜಬೆತ್ ಕ್ಯೂಬ್ಲರ್ ರಾಸ್, 1969ರಲ್ಲಿ. ಷಿಕಾಗೋದಲ್ಲಿ ವೈದ್ಯೆಯಾಗಿದ್ದರು. ಆದರೆ ಅವರು ಮೊದಲು ಬರೆದದ್ದು ಸಾಯುತ್ತಿರುವ ರೋಗಿಗಳ ಜೊತೆ ಮಾತಾಡಿ, ಅವರ ಮನಸ್ಸಿನ ಬಗ್ಗೆ. ಉಳಿದವರ ದುಃಖಕ್ಕೆ ಅದನ್ನು ಅಂಟಿಸಿದ್ದು ಆಮೇಲೆ. ನಿಮ್ಮಪ್ಪನ ಬಸ್ಸಿನಲ್ಲಿ ಸ್ಟೇಜುಗಳು ಒಂದಾದ ಮೇಲೊಂದು ಬರುತ್ತಿದ್ದವು, ದುಃಖ ಆ ರೂಟಿನ ಬಸ್ಸಲ್ಲ. ನೆದರ್‌ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಖುಟ್ 1999ರಲ್ಲಿ ಹೇಳಿದ್ದು ನನ್ನ ಕೆಲಸಕ್ಕೆ ಜಾಸ್ತಿ ಹೊಂದುತ್ತದೆ. ಮನುಷ್ಯ ಒಂದಷ್ಟು ಹೊತ್ತು ಹೋದವರ ಕಡೆ ವಾಲುತ್ತಾನೆ, ಒಂದಷ್ಟು ಹೊತ್ತು ಗ್ಯಾಸ್ ಬುಕ್ ಮಾಡುವುದು, ಪಿಂಚಣಿ ಕಾಗದ, ಮೊಮ್ಮಗುವಿನ ಜ್ವರ ಇಂಥದ್ದರ ಕಡೆ ವಾಲುತ್ತಾನೆ. ಉಯ್ಯಾಲೆ ಹಾಗೆ. ಒಂದೇ ಕಡೆ ನಿಂತುಬಿಟ್ಟರೆ ಯೋಚಿಸಬೇಕು.

ನಿಮ್ಮಮ್ಮ ಅಡುಗೆ ಮಾಡುತ್ತಾರೆ, ದೇವಸ್ಥಾನಕ್ಕೆ ಹೋಗುತ್ತಾರೆ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾರೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಉಯ್ಯಾಲೆ ಆಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ದೀರ್ಘ ಶೋಕ ಅನ್ನುವ ಕಾಯಿಲೆ ಈಗ ಇದೆ. ಅದಕ್ಕೆ ಕನಿಷ್ಠ ಆರು ತಿಂಗಳಾಗಿರಬೇಕು ಅಂತಾರೆ. ಅಮೆರಿಕದ ಮನೋವೈದ್ಯರು 2022ರಲ್ಲಿ ಒಂದು ವರ್ಷ ಅಂತ ಇಟ್ಟರು. ಬರೀ ತಿಂಗಳು ಎಣಿಸಿದರೆ ಆಗುವುದಿಲ್ಲ. ದಿನವೂ ಬಿಡದ ಸಂಕಟ ಇರಬೇಕು, ದಿನದ ಕೆಲಸವೇ ನಿಂತುಹೋಗಿರಬೇಕು. ಊಟ ಬಿಟ್ಟರೆ, ನಿದ್ದೆ ಪೂರ್ತಿ ಕೆಟ್ಟರೆ, "ನಾನೂ ಹೋಗಿಬಿಡ್ತೀನಿ" ಅನ್ನುವ ಮಾತು ಬಂದರೆ ಮಾತ್ರ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತಮ್ಮನ ಬಗ್ಗೆ ನನಗೆ ಅಮ್ಮನಿಗಿಂತ ಸ್ವಲ್ಪ ಜಾಸ್ತಿ ಯೋಚನೆ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದಾಗ ಅಪ್ಪ ನೆಂಟರ ಮುಂದೆ "ನಮ್ಮವನು ಒಂದೇ ಸ್ಟೇಜಿಗೆ ಎರಡು ಸಲ ಟಿಕೆಟ್ ತಗೊಂಡ" ಅಂದಿದ್ದನ್ನು ನೀವು ತಮಾಷೆಯ ಪಟ್ಟಿಯಲ್ಲಿ ಮೂರನೆಯದಾಗಿ ಬರೆದಿದ್ದೀರಿ. ನಿಮಗೆ ಅದು ನಗುವ ವಿಷಯ. ಅವನಿಗೆ? ಎಲ್ಲರನ್ನೂ ನಗಿಸುವ ಅಪ್ಪನ ಮನೆಯಲ್ಲಿ ಒಬ್ಬರಾದರೂ ನಗಲಾರದೆ ನಿಂತಿರುತ್ತಾರೆ. ಬಾಯಿ ಬಿಟ್ಟು ಹೇಳಲೂ ಆಗುವುದಿಲ್ಲ, "ಅಷ್ಟೂ ತಮಾಷೆ ತಡಕೊಳ್ಳೋಕಾಗಲ್ವಾ" ಅನ್ನಿಸಿಕೊಳ್ಳಬೇಕಾಗುತ್ತದೆ. ಆ ಸಾಲನ್ನು ಅವನನ್ನು ಕೇಳದೆ ಹಾಕಬೇಡಿ. "ನಿನಗೆ ಅವತ್ತು ಬೇಜಾರಾಗಿತ್ತಾ?" ಅಂತ ಒಂದು ಸಲ ಕೇಳಿ, ಅಷ್ಟೇ. ಅವನು ಅದನ್ನು ತಾನೇ ಬರೆದುಕೊಟ್ಟರೆ ಪುಸ್ತಕದಲ್ಲಿ ಅದು ಒಳ್ಳೆಯ ಪುಟ ಆಗುತ್ತದೆ. ಬೇಡ ಅಂದರೆ ಬಿಟ್ಟುಬಿಡಿ.

ಜಾಮೀನಿನ ಕಥೆ ಬರೆಯಬೇಕಾ ಅಂದರೆ, ಸರ ಅಮ್ಮನದು. ಹೇಳುವ ಹಕ್ಕೂ ಅವರದೇ. ಅವರು ಬೇಡ ಅಂದರೆ ಮುಗಿಯಿತು. ಒಪ್ಪಿದರೆ ಬರೆಯಿರಿ, ಸಾಲ ತೆಗೆದುಕೊಂಡವರ ಹೆಸರು ಬಿಟ್ಟು. ಸತ್ತ ಎಮ್ಮೆ ಹಾಲು ಜಾಸ್ತಿ ಕೊಡುತ್ತಿತ್ತು ಅನ್ನುವ ಹಾಗೆ ನಾವು ಹೋದವರ ತಪ್ಪನ್ನೆಲ್ಲ ಒರೆಸಿಬಿಡುತ್ತೇವೆ. ಒರೆಸಿದ ಮೇಲೆ ಅಲ್ಲಿ ಉಳಿಯುವವರು ಯಾರದೋ ಅಪ್ಪ. "ಸರ ಹೋದ್ರೇನಂತೆ, ಸರಸ ಇದೆಯಲ್ಲ" ಅಂದ ಮೇಲೆ ಅಮ್ಮ ಏನು ಮಾಡಿದರು ಅಂತ ನೀವು ಬರೆದಿಲ್ಲ. ನಕ್ಕಿರಲಾರರು ಅಂತ ನನ್ನ ಊಹೆ. ದುಡ್ಡಿನ ವಿಷಯ ಬಂದಾಗ ತಮಾಷೆ ಮಾಡಿ ಜಾರಿಕೊಳ್ಳುವ ಗಂಡಸರು ನನಗೆ ಬೇಕಾದಷ್ಟು ಗೊತ್ತು. ನಾಚಿಕೆಯನ್ನು ಹಾಗೆ ಮುಚ್ಚಿಕೊಳ್ಳುತ್ತಾರೆ. ನಿಮ್ಮಪ್ಪನಿಗೂ ಆ ರಾತ್ರಿ ನಿದ್ದೆ ಬಂದಿತ್ತೋ ಇಲ್ಲವೋ, ಗೊತ್ತಿರುವುದು ಅಮ್ಮನಿಗೆ ಮಾತ್ರ.

ಇನ್ನು ಬರೆಯುವ ಕೆಲಸ. ಅಪ್ಪನ ಜೊತೆ ಒಂದೇ ರೂಟಿನಲ್ಲಿದ್ದ ಡ್ರೈವರನ್ನು ಮೊದಲು ಹುಡುಕಿ. ನೈಟ್ ಹಾಲ್ಟಿನಲ್ಲಿ ಬಸ್ಸಲ್ಲೇ ಮಲಗುತ್ತಿದ್ದ ಇಬ್ಬರಿಗೆ ಮನೆಯವರಿಗೆ ಗೊತ್ತಿಲ್ಲದ ನೂರು ಕಥೆ ಗೊತ್ತಿರುತ್ತವೆ. ದಿನಾ ಅದೇ ಬಸ್ಸಿಗೆ ಬರುತ್ತಿದ್ದ ಹೂವಿನವರು, ಪಾಸಿನ ಹುಡುಗರು, ಬಸ್ಸು ನಿಲ್ಲುತ್ತಿದ್ದ ಹೋಟೆಲಿನವರು, ಡಿಪೋದವರು. "ಅಪ್ಪ ಹೇಗಿದ್ದರು?" ಅಂತ ಕೇಳಿದರೆ ಎಲ್ಲರೂ "ಬಾಳ ಒಳ್ಳೆಯವರು" ಅಂತಾರೆ. ನಾನು ಕೇಳುವ ಪ್ರಶ್ನೆ ಬೇರೆ. "ಅವರು ಹೇಳಿದ್ದನ್ನೇ ಹೇಳಿ ಹೇಳಿ ನಿಮಗೆ ಸಾಕಾಗಿದ್ದ ಜೋಕು ಯಾವುದು?" ಅಂತ. ಅದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. "ಅಯ್ಯೋ ಅದೊಂದು ಇತ್ತಲ್ಲ" ಅಂತ ಶುರು ಮಾಡುತ್ತಾರೆ. ಹೇಳುವಾಗ ಅವರಿಗೆ ಅರಿವಿಲ್ಲದೆ ನಿಮ್ಮಪ್ಪನ ದನಿ ಬಂದುಬಿಡುತ್ತದೆ.

ಬರೆಯುವಾಗ ಅವರ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸಬೇಡಿ. ಅಪ್ಪ "ಏನ್ ಮೇಡಮ್ಮೋರೆ, ಚಿಲ್ರೆ ಇಲ್ವಾ" ಅಂದಿದ್ದರೆ ಹಾಗೇ ಇರಲಿ. "ತಮ್ಮ ಬಳಿ ಚಿಲ್ಲರೆ ಹಣವಿಲ್ಲವೇ ಎಂದು ಹಾಸ್ಯ ಮಾಡಿದರು" ಅಂತ ಬರೆದರೆ ಹಾಸ್ಯ ಅಲ್ಲೇ ಇಳಿದು ಹೋಗುತ್ತದೆ. "ಎಲ್ಲರೂ ಬಿದ್ದು ಬಿದ್ದು ನಕ್ಕರು" ಅನ್ನುವುದೂ ಬೇಡ. ಓದುವವರು ನಕ್ಕರೆ ನಗಲಿ. ಎಲ್ಲಿ, ಯಾವ ಹೊತ್ತು, ಎದುರಿಗೆ ಯಾರಿದ್ದರು, ಇಷ್ಟು ಎರಡು ಸಾಲಲ್ಲಿ ಹೇಳಿ ಅವರ ಮಾತು ಹಾಕಿ, ನಿಲ್ಲಿಸಿ. ಕೆಲವು ತಮಾಷೆ ಕಾಗದದ ಮೇಲೆ ಬದುಕುವುದಿಲ್ಲ. ಅವರು ಹುಬ್ಬು ಏರಿಸುತ್ತಿದ್ದ ರೀತಿಯಲ್ಲೇ ತಮಾಷೆ ಇದ್ದರೆ ಬರೆದು ಏನು ಮಾಡುತ್ತೀರಿ? ಅಂಥದ್ದಕ್ಕೆ ಫೋಟೋ ಹಾಕಿ. ನೆಟ್ಟಗೆ ನಿಂತ ಪಾಸ್‌ಪೋರ್ಟ್ ಫೋಟೋ ಒಂದು ಸಾಕು, ಉಳಿದವು ಬಾಯಿ ತೆರೆದವು, ಕಣ್ಣು ಮುಚ್ಚಿದವು ಇರಲಿ.

ಪುಸ್ತಕಕ್ಕಿಂತ ಅವಸರದ ಕೆಲಸ ಒಂದಿದೆ. ಅಪ್ಪನ ಫೋನು ಬೀರುವಿನಲ್ಲಿದೆ ಅಂದಿದ್ದೀರಿ. ಈ ವಾರವೇ ತೆಗೆಯಿರಿ. ರೀಚಾರ್ಜ್ ನಿಂತ ನಂಬರು ಕೆಲವು ತಿಂಗಳಿಗೆ ಬಂದ್ ಆಗಿ, ಆಮೇಲೆ ಬೇರೆ ಯಾರಿಗೋ ಹೋಗುತ್ತದೆ. ವಾಟ್ಸಾಪಿನವರು 120 ದಿನ ಮುಟ್ಟದ ಖಾತೆಯನ್ನು ಸಾಮಾನ್ಯವಾಗಿ ತೆಗೆದುಹಾಕುತ್ತಾರೆ. ನಿಮಗೆ ಎಂಟು ತಿಂಗಳಾಗಿದೆ. ಗಾಬರಿ ಬೇಡ, ಫೋನಿನೊಳಗೆ ಉಳಿದದ್ದು ಇನ್ನೂ ಇರಬಹುದು. ವಾಟ್ಸಾಪನ್ನು ಡಿಲೀಟ್ ಮಾಡಬೇಡಿ, ಫೋನನ್ನು ರೀಸೆಟ್ ಮಾಡಬೇಡಿ. ಗೊತ್ತಿರುವವರ ಕೈಯಲ್ಲಿ ಫೋಟೋ, ಆಡಿಯೋ ಎಲ್ಲ ಕಂಪ್ಯೂಟರಿಗೆ ಹಾಕಿಸಿ. ಅವರು ಕಳಿಸಿದ್ದ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲಿ, ನೆಂಟರ ಫೋನಿನಲ್ಲಿ ಇರುತ್ತವೆ. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮಾತು ಹಾಕಿ, ಎಲ್ಲರೂ ಫಾರ್ವರ್ಡ್ ಮಾಡಲಿ. ಒಂದು ಕಡೆ ಮಾತ್ರ ಇಡಬೇಡಿ, ಎರಡು ಕಡೆ ಇಡಿ. ಜಗಲಿಯ ಫೋಟೋ ನನ್ನ ಹತ್ತಿರ ಇದೆ. ಅಪ್ಪನ ದನಿ ಇಲ್ಲ. ನಮ್ಮ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಹಿಡಿದಿಡುವ ಬುದ್ಧಿ ಬರಲಿಲ್ಲ.

ಅಚ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಧ್ಯೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರುತ್ತವೆ. 32 ಪುಟ ಬೇಕಾದಷ್ಟಾಯಿತು. ನೀವು ಯುನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟದ್ದನ್ನು ಪ್ರೆಸ್ಸಿನವರು "ನುಡಿ" ಸಾಫ್ಟ್‌ವೇರಿನ ಅಕ್ಷರಕ್ಕೆ ಬದಲಾಯಿಸಿದರೆ ಅಲ್ಲಲ್ಲಿ ಒತ್ತಕ್ಷರ ಕೆಡಬಹುದು. ಪ್ರೂಫ್ ಅನ್ನು ಫೋನಿನಲ್ಲಿ ನೋಡದೆ ಕಾಗದದ ಮೇಲೆ ತೆಗೆಸಿ ಓದಿ. ಅಪ್ಪನ ಹೆಸರು, ಊರು, ತಾರೀಖು ಮೂರನ್ನು ಇಬ್ಬರು ನೋಡಬೇಕು. ನಮ್ಮ ಪುಸ್ತಕದಲ್ಲಿ "ನಿಧನ" ಅನ್ನುವುದು ಒಂದು ಕಡೆ "ನಿಧಾನ" ಆಗಿತ್ತು. ಅಪ್ಪ ಇದ್ದಿದ್ದರೆ ಅದನ್ನೇ ಹಿಡಿದು ಒಂದು ವರ್ಷ ರೇಗಿಸುತ್ತಿದ್ದರು.

ತಿಥಿಯ ದಿನ ಬೆಳಗಿನ ಕಾರ್ಯ ಕಾರ್ಯದ ಹಾಗೇ ನಡೆಯಲಿ. ಅಲ್ಲಿ ಅತ್ತೆಯ ಮಾತು ನಡೆಯಲಿ. ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು ಜನ ಚಾಪೆಯ ಮೇಲೆ ಕಾಲು ಚಾಚಿದ ಮೇಲೆ ಪುಸ್ತಕ ಹಂಚಿ. ಮೈಕು ಬೇಡ. ಭಾಷಣ ಅಂತೂ ಬೇಡವೇ ಬೇಡ. ಡ್ರೈವರ್ ಬಂದಿದ್ದರೆ ಅವರ ಕೈಯಲ್ಲೇ ಅವರ ಪುಟ ಓದಿಸಿ. ಅವರು ಓದುವಾಗ ಯಾರಾದರೂ "ಹಾಗಲ್ಲ, ಅವತ್ತು ಆಗಿದ್ದು ಹೀಗೆ" ಅಂತ ನಡುವೆ ಬಾಯಿ ಹಾಕುತ್ತಾರೆ. ಹಾಕಲಿ. ನಾಲ್ಕು ಜನ ಜಗಳ ಆಡಲಿ. ಅದನ್ನು ಬೇಕಾದರೆ ರೆಕಾರ್ಡ್ ಮಾಡಿಕೊಳ್ಳಿ.

ಕೊನೆಗೆ ಆ ಹಾರ್ಲಿಕ್ಸ್ ಬಾಟಲಿ. ಅದಕ್ಕೆ ನೀವಾಗಿ ಕೈ ಹಾಕಬೇಡಿ. ಒಂದು ದಿನ ಅಮ್ಮ ಬೈಯುವ ಮೂಡಿನಲ್ಲಿದ್ದಾಗ "ಒಟ್ಟು ಎಷ್ಟು ಬಾಕಿ ಇದೆಯಮ್ಮ?" ಅಂತ ಕೇಳಿ. ಕಂಡಕ್ಟರನ ಹೆಂಡತಿಗೆ ಲೆಕ್ಕ ಕೇಳಿದರೆ ಸುಮ್ಮನಿರುವುದು ಕಷ್ಟ. ಅವರೇ ಮುಚ್ಚಳ ತೆಗೆದು ನೆಲದ ಮೇಲೆ ಸುರಿದರೆ ನೀವು ಎಣಿಸಿಕೊಳ್ಳಿ, ಅವರು ಓದಲಿ. ಯಾವುದು ಸಂದಾಯ ಆಗಿತ್ತು, ಯಾವುದು ಹಾಗೇ ಉಳಿಯಿತು ಅಂತ ಅವರೇ ಹೇಳುತ್ತಾರೆ. ನಾಲ್ಕೈದು ಟಿಕೆಟ್ ಸ್ಕ್ಯಾನ್ ಮಾಡಲು ಒಪ್ಪಿದರೆ ಪುಸ್ತಕಕ್ಕೆ ಹಾಕಿ. ಅವು ಮಷಿನ್ನಿನಲ್ಲಿ ಬಂದ ಟಿಕೆಟ್ಟುಗಳಾದರೆ ಅಚ್ಚಿನ ಅಕ್ಷರ ಮಾಸುತ್ತಾ ಹೋಗುತ್ತದೆ, ಬಿಸಿಲಿಗೆ ಇಡಬೇಡಿ. ಪೆನ್ನಿನಲ್ಲಿ ಬರೆದದ್ದು ಅಷ್ಟು ಬೇಗ ಹೋಗುವುದಿಲ್ಲ. ಧರ್ಮಸ್ಥಳದ ಬಾಕಿ ಇನ್ನೂ ತೀರಿಲ್ಲ ಅಂದರೆ, ಪುಸ್ತಕದ ಕೆಲಸ ಮುಗಿದ ಮೇಲೆ ಅಮ್ಮನನ್ನು ನೀವಿಬ್ಬರೂ ಕರೆದುಕೊಂಡು ಹೋಗಿ ಬನ್ನಿ. ಕಾರು ಬೇಡ, ಬಸ್ಸಿನಲ್ಲೇ ಹೋಗಿ.

ಅಚ್ಚಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ಅಂಚೆ ಖರ್ಚನ್ನು ಟಿಕೆಟ್ ಹಿಂದೆ ಬರೆದಿಡಿ.